ಕಮ್ಯೂನಿಟಿ ಕಾಲೇಜಿನಲ್ಲಿ ಸರ್ಟಿಫಿಕೇಟ್ ಮಾಡಲೋ, ಡಿಗ್ರಿಗೆ ಸೇರಲೋ?

ಪ್ರಶ್ನೆ: ನಾನು ಕುವೆಂಪು ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿ, ಆಮೇಲೆ ಬಿ.ಎಡ್. ಮುಗಿಸಿ, ಭದ್ರಾವತಿಯ ಒಂದು ಶಾಲೆಯಲ್ಲಿ ನಾಲ್ಕು ವರ್ಷ ವಿಜ್ಞಾನ ಕಲಿಸಿದ್ದೇನೆ. ಮದುವೆಯ ನಂತರ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ಎರಡು ವರ್ಷವಾಯಿತು. ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿದ್ದೇನೆ, ಕೆಲಸದ ಪರವಾನಗಿ ಈಚೆಗೆ ಕೈಗೆ ಬಂದಿದೆ. ಯಜಮಾನರು ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡು ಎನ್ನುತ್ತಾರೆ. ಗೆಳತಿಯೊಬ್ಬರು ಡೇಟಾ ಅನಲಿಟಿಕ್ಸ್ ಸರ್ಟಿಫಿಕೇಟ್ ಸಾಕು ಎನ್ನುತ್ತಾರೆ. ನನಗೆ ಮಾತ್ರ ಚಿಕ್ಕ ಮಕ್ಕಳಿಗೆ ಕಲಿಸುವುದು ಅಥವಾ ಪ್ರಯೋಗಾಲಯದ ಕೆಲಸ ಇಷ್ಟ. ಯಾವುದಕ್ಕೆ ಸೇರಲಿ?

ಉತ್ತರ: ನೀವು ಡಿಗ್ರಿಯೋ ಸರ್ಟಿಫಿಕೇಟೋ ಎಂದು ಕೇಳಿದ್ದೀರಿ. ಆದರೆ ಆ ಪ್ರಶ್ನೆಯನ್ನು ಎರಡನೆಯದಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲನೆಯದು, ಓದು ಮುಗಿದ ಮೇಲೆ ಆ ಕಾಗದವನ್ನು ಕೈಗೆತ್ತಿಕೊಂಡು ನೋಡುವವರು ಯಾರು ಎಂಬುದು. ಕೆಲವು ಕೆಲಸಗಳಲ್ಲಿ ನೋಡುವುದು ರಾಜ್ಯದ ಲೈಸೆನ್ಸ್ ಕೊಡುವ ಕಚೇರಿ; ಅದಕ್ಕೆ ನಿಮ್ಮ ಡಿಗ್ರಿಯ ಹೆಸರಿಗಿಂತ ಯಾವ ವಿಷಯದಲ್ಲಿ ಎಷ್ಟು ಯೂನಿಟ್ (ಓದನ್ನು ಅಳೆಯುವ ಮಾನ; ಒಂದು ತರಗತಿಗೆ ಸಾಮಾನ್ಯವಾಗಿ ಮೂರು) ಮುಗಿಸಿದ್ದೀರಿ ಎಂಬ ಲೆಕ್ಕ ಬೇಕು. ಕೆಲವು ಕಡೆ ನೋಡುವುದು ಉದ್ಯೋಗದಾತರು, ಇನ್ನು ಕೆಲವು ಕಡೆ ಮುಂದಿನ ಓದಿಗೆ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯ. ಈ ಮೂವರಲ್ಲಿ ಯಾರು ಎಂಬುದು ಗೊತ್ತಾದರೆ ಅಲ್ಲಿಂದ ಹಿಂದಕ್ಕೆ ನಡೆದುಬಂದು ಈ ಸೆಮಿಸ್ಟರಿನಲ್ಲಿ ಯಾವ ತರಗತಿಗೆ ಕೂರಬೇಕು ಎಂಬುದನ್ನು ಹೇಳಬಹುದು. ನನ್ನ ಬಳಿ ಸಲಹೆಗೆ ಬರುವ ಬಹುತೇಕರು ಕಾಲೇಜಿನ ಕಾರ್ಯಕ್ರಮಗಳ ಪಟ್ಟಿಯನ್ನು ಹಿಡಿದುಕೊಂಡು ಮುಂದಕ್ಕೆ ನಡೆಯಲು ನೋಡುತ್ತಾರೆ, ಎರಡು ವರ್ಷ ಕಳೆದ ಮೇಲೆ ಬಾಗಿಲು ಬೇರೆಡೆ ಇತ್ತೆಂದು ತಿಳಿಯುತ್ತದೆ.

ಮೊದಲು ಪರಿಭಾಷೆಯನ್ನು ಬೇಗ ಮುಗಿಸಿಬಿಡೋಣ. ಕಮ್ಯೂನಿಟಿ ಕಾಲೇಜುಗಳೆಂದರೆ ಮುಖ್ಯವಾಗಿ ಎರಡು ವರ್ಷದ ಓದಿನ ಸರ್ಕಾರಿ ಕಾಲೇಜುಗಳು; ಕ್ಯಾಲಿಫೋರ್ನಿಯಾದಲ್ಲಿ ಅಂಥವು 116 ಇವೆ. ನಿಮ್ಮೂರಿನ ಒಲೋನಿ ಕಾಲೇಜು ಅವುಗಳಲ್ಲಿ ಒಂದು. ಅಸೋಸಿಯೇಟ್ ಡಿಗ್ರಿಗೆ 60 ಸೆಮಿಸ್ಟರ್ ಯೂನಿಟ್ ಬೇಕು. ಸರ್ಟಿಫಿಕೇಟ್ ಆಫ್ ಅಚೀವ್‌ಮೆಂಟ್ ಎಂಬುದು ಒಂದೇ ವಿಷಯಕ್ಕೆ ಸಂಬಂಧಿಸಿದ ಕೆಲವು ತರಗತಿಗಳ ಗುಚ್ಛ. ಸಾಮಾನ್ಯ ಶಿಕ್ಷಣದ ಇಂಗ್ಲಿಷ್, ಇತಿಹಾಸ, ಗಣಿತ ಅದರಲ್ಲಿರುವುದಿಲ್ಲ, ರಾಜ್ಯದ ಮಂಜೂರಾತಿ ಪಡೆದಿದ್ದರೆ ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ. ಇದಕ್ಕಿಂತ ಚಿಕ್ಕ, ಎರಡು ಮೂರು ತರಗತಿಗಳ ಸರ್ಟಿಫಿಕೇಟ್‌ಗಳೂ ಇವೆ; ಅವುಗಳಲ್ಲಿ ಕೆಲವು ಅಂಕಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ, ಹಾಗಾಗಿ ಸೇರುವ ಮೊದಲು ಕೇಳಿಕೊಳ್ಳಬೇಕು. ಕ್ಯುಪರ್ಟಿನೋದ ಡಿ ಆಂಜಾ ಮತ್ತು ಅದರ ಜೊತೆಯ ಫುಟ್‌ಹಿಲ್ ಕಾಲೇಜುಗಳು ಸೆಮಿಸ್ಟರ್ ಬದಲು ಅದಕ್ಕಿಂತ ಚಿಕ್ಕ ಅವಧಿಗಳ ಕ್ವಾರ್ಟರ್ ಪದ್ಧತಿಯಲ್ಲಿ ನಡೆಯುತ್ತವೆ. ಅಲ್ಲಿನ 18 ಯೂನಿಟ್ ಇಲ್ಲಿನ 12 ಯೂನಿಟ್‌ಗೆ ಸಮ. ಎರಡೂ ಕಡೆ ತರಗತಿ ತೆಗೆದುಕೊಳ್ಳುವವರು ಈ ಲೆಕ್ಕದಲ್ಲಿ ಎಡವುವುದು ಸಾಮಾನ್ಯ.

ಈಗ ನಿಮ್ಮ ಯಜಮಾನರ ಸಲಹೆಯ ಬಗ್ಗೆ. ಅಸೋಸಿಯೇಟ್ ಡಿಗ್ರಿಯ ಗಣನೀಯ ಭಾಗ ಸಾಮಾನ್ಯ ಶಿಕ್ಷಣದ ವಿಷಯಗಳಿಗೆ ಹೋಗುತ್ತದೆ, ಮತ್ತು ಬ್ಯಾಚಲರ್ ಪದವಿ ಈಗಾಗಲೇ ಇರುವವರು ಅದಕ್ಕಿಂತ ಕೆಳಗಿನ ಪದವಿಯನ್ನು ಮತ್ತೊಮ್ಮೆ ಪಡೆದರೆ ನೋಡುವವರ ಕಣ್ಣಿನಲ್ಲಿ ಹೆಚ್ಚುವುದು ಅತ್ಯಲ್ಪ. ನರ್ಸಿಂಗ್, ರೇಡಿಯಾಲಜಿ ತಂತ್ರಜ್ಞಾನದಂಥ ಕೆಲವು ಕ್ಷೇತ್ರಗಳು ಇದಕ್ಕೆ ಅಪವಾದ, ಏಕೆಂದರೆ ಅಲ್ಲಿ ಲೈಸೆನ್ಸಿನ ದಾರಿಯೇ ಆ ಡಿಗ್ರಿ ಕಾರ್ಯಕ್ರಮದ ಮೂಲಕ ಹಾದುಹೋಗುತ್ತದೆ. ನೀವು ಆ ಕ್ಷೇತ್ರಗಳನ್ನು ಕೇಳಿಲ್ಲ. ಹಾಗಾಗಿ ನಿಮಗೆ ಅಸೋಸಿಯೇಟ್ ಡಿಗ್ರಿ ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗೆಂದು ಅದನ್ನು ಹಗುರವಾಗಿ ಕಾಣಬೇಕಿಲ್ಲ. ಪಿಯುಸಿ ಮುಗಿಸಿ ಮದುವೆಯಾಗಿ ಬಂದವರಿಗೆ, ಅಥವಾ ಇಲ್ಲಿಯೇ ಹೈಸ್ಕೂಲು ಮುಗಿಸಿದ ಮಕ್ಕಳಿಗೆ, ಇದಕ್ಕಿಂತ ಮಿತವ್ಯಯದ ದಾರಿ ಈ ರಾಜ್ಯದಲ್ಲಿಲ್ಲ. ನಮ್ಮಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರುವಂತೆ, ಇಲ್ಲಿ ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಡಿಗ್ರಿ ಪಡೆದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಸಮೂಹದಲ್ಲಿ ಎಲ್ಲಾದರೂ ಒಂದು ಕಡೆ ಮೂರನೇ ವರ್ಷಕ್ಕೆ ಪ್ರವೇಶದ ಖಾತ್ರಿ ಇದೆ. 2010ರ ಕಾನೂನಿನಿಂದ ಬಂದ ವ್ಯವಸ್ಥೆ ಅದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್, ಅರ್ವೈನ್, ಸಾಂಟಾ ಕ್ರೂಜ್ ಮೊದಲಾದ ಆರು ಕ್ಯಾಂಪಸ್‌ಗಳೂ ತಮ್ಮ ಷರತ್ತು ಪೂರೈಸಿದವರಿಗೆ ಇಂಥ ಖಾತ್ರಿ ಕೊಡುತ್ತವೆ. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಕೊಡುವುದಿಲ್ಲ. ನಮ್ಮವರ ಮನೆಗಳಲ್ಲಿ ‘ಕಮ್ಯೂನಿಟಿ ಕಾಲೇಜಾ?’ ಎಂದು ಮೂಗು ಮುರಿಯುವವರನ್ನು ಕಂಡಾಗ ಈ ಲೆಕ್ಕವನ್ನು ಅವರ ಮುಂದಿಡಬೇಕು ಎನಿಸುತ್ತದೆ. ಆದರೆ ಇದು ನಿಮ್ಮ ದಾರಿಯಲ್ಲ.

ನಿಮ್ಮ ದಾರಿಯಲ್ಲಿ ನನಗೆ ಅತ್ಯಂತ ಭರವಸೆಯದಾಗಿ ಕಾಣುವುದು ಚಿಕ್ಕ ಮಕ್ಕಳ ಶಿಕ್ಷಣ. ಇಲ್ಲಿ ನಿಮ್ಮ ಕಾಗದವನ್ನು ನೋಡುವವರು ಇಬ್ಬರು, ಇಬ್ಬರ ಲೆಕ್ಕವೂ ಬೇರೆ. ಲೈಸೆನ್ಸ್ ಪಡೆದ ಖಾಸಗಿ ಪ್ರೀಸ್ಕೂಲ್‌ಗಳಿಗೆ ರಾಜ್ಯದ ಮಕ್ಕಳ ಆರೈಕೆ ನಿಯಮಾವಳಿ ಅನ್ವಯಿಸುತ್ತದೆ. ಅದರ ಪ್ರಕಾರ ಪೂರ್ಣ ಅರ್ಹತೆಯ ಶಿಕ್ಷಕಿಗೆ ಈ ವಿಷಯದಲ್ಲಿ 12 ಸೆಮಿಸ್ಟರ್ ಯೂನಿಟ್ ಮತ್ತು ಅಂಥದೇ ಕೇಂದ್ರದಲ್ಲಿ ಆರು ತಿಂಗಳ ಅನುಭವ ಬೇಕು. ಆ 12 ಯೂನಿಟ್‌ಗಳಲ್ಲಿ ಮಗುವಿನ ಬೆಳವಣಿಗೆ, ಮಗು-ಕುಟುಂಬ-ಸಮುದಾಯ, ಮತ್ತು ಪಠ್ಯಕ್ರಮ ಅಥವಾ ಕಾರ್ಯಕ್ರಮ ಯೋಜನೆ ಎಂಬ ಮೂರು ಕ್ಷೇತ್ರಗಳು ಇರಲೇಬೇಕು. ಬಹಳ ಜನರಿಗೆ ತಿಳಿಯದ ಅನುಕೂಲವೊಂದು ಇದೇ ನಿಯಮದೊಳಗಿದೆ: 6 ಯೂನಿಟ್ ಮುಗಿಸಿದವರನ್ನೂ, ಉಳಿದದ್ದನ್ನು ಓದುತ್ತ ಹೋಗುವ ಷರತ್ತಿನ ಮೇಲೆ, ಶಿಕ್ಷಕಿಯಾಗಿ ನೇಮಿಸಿಕೊಳ್ಳಬಹುದು. 6 ಯೂನಿಟ್ ಎಂದರೆ ತಲಾ ಮೂರು ಯೂನಿಟ್‌ನ ಎರಡು ತರಗತಿ, ಒಂದೇ ಸೆಮಿಸ್ಟರಿನ ಓದು. ಸಂಬಳ ಪಡೆಯುತ್ತಲೇ ಉಳಿದ ಆರು ಯೂನಿಟ್ ಮುಗಿಸಬಹುದು, ಅಷ್ಟರಲ್ಲಿ ಆರು ತಿಂಗಳ ಅನುಭವವೂ ಕೂಡಿಬರುತ್ತದೆ. ಎರಡು ವರ್ಷದ ಡಿಗ್ರಿ ಮುಗಿಯಲಿ, ಆಮೇಲೆ ಕೆಲಸ ಹುಡುಕೋಣ ಎಂದು ಕಾಯುವವರಿಗೂ ನಿಮಗೂ ಇಲ್ಲೇ ವ್ಯತ್ಯಾಸ ಬೀಳುತ್ತದೆ.

ಎರಡನೆಯ ಕಚೇರಿ ರಾಜ್ಯದ ಶಿಕ್ಷಕರ ಅರ್ಹತಾ ಆಯೋಗ. ಕ್ಯಾಲಿಫೋರ್ನಿಯಾ 2025-26ರ ಶೈಕ್ಷಣಿಕ ವರ್ಷದಿಂದ ನಾಲ್ಕು ವರ್ಷ ತುಂಬಿದ ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆಗಳಲ್ಲಿ ಕಿಂಡರ್‌ಗಾರ್ಟನ್‌ಗೆ ಹಿಂದಿನ ವರ್ಷದ ತರಗತಿಯಾದ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್ ತೆರೆದಿದೆ. ಅಲ್ಲಿ ಪಾಠ ಮಾಡುವವರಿಗೆ ಶಿಕ್ಷಕರ ಕ್ರೆಡೆನ್ಶಿಯಲ್ (ಸರ್ಕಾರಿ ಶಾಲೆಯಲ್ಲಿ ಕಲಿಸಲು ಬೇಕಾದ ಅರ್ಹತಾ ಪತ್ರ) ಜೊತೆಗೆ ಚಿಕ್ಕ ಮಕ್ಕಳ ಶಿಕ್ಷಣದಲ್ಲಿ 24 ಯೂನಿಟ್, ಅಥವಾ ಅದಕ್ಕೆ ಸಮನೆಂದು ಆ ಶಾಲೆಗಳನ್ನು ನಡೆಸುವ ಸ್ಥಳೀಯ ಶಾಲಾ ಜಿಲ್ಲೆ ಒಪ್ಪುವ ಅನುಭವ, ಅಥವಾ ನಿಗದಿತ ಪರ್ಮಿಟ್ ಬೇಕು. ಇದಲ್ಲದೆ ಮೂರನೇ ತರಗತಿಯವರೆಗಿನ ಮಕ್ಕಳಿಗೆಂದೇ ಹೊಸ ಕ್ರೆಡೆನ್ಶಿಯಲ್ ಒಂದನ್ನೂ ಆಯೋಗ ತಂದಿದೆ. ಕ್ರೆಡೆನ್ಶಿಯಲ್ ಕಮ್ಯೂನಿಟಿ ಕಾಲೇಜಿನಲ್ಲಿ ಸಿಗುವುದಿಲ್ಲ. ಬ್ಯಾಚಲರ್ ಪದವಿಯ ಮೇಲೆ ವಿಶ್ವವಿದ್ಯಾಲಯದ ಕಾರ್ಯಕ್ರಮ ಮಾಡಬೇಕು. ಆದರೆ ಆ 24 ಯೂನಿಟ್‌ಗಳನ್ನು ನೀವು ಒಲೋನಿಯಲ್ಲೇ ಗಳಿಸಿಟ್ಟುಕೊಳ್ಳಬಹುದು. ಅಂದರೆ ಪ್ರೀಸ್ಕೂಲಿಗೆಂದು ತೆಗೆದುಕೊಂಡ ಮೊದಲ 12 ಯೂನಿಟ್ ವ್ಯರ್ಥವಾಗದೆ ಮುಂದಿನ ಮೆಟ್ಟಿಲಿಗೆ ಸೇರಿಕೊಳ್ಳುತ್ತದೆ. ಬ್ಯಾಚಲರ್ ಪದವಿ ಮತ್ತು ಶಾಲೆಯ ಅನುಭವ ಎರಡೂ ಇರುವ ನಿಮ್ಮಂಥವರಿಗೆ ಇದು ಇತರರಿಗಿಂತ ಹತ್ತಿರದ ದಾರಿ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಖಾಸಗಿ ಪ್ರೀಸ್ಕೂಲಿನ ಸಂಬಳ ನಿಮ್ಮ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶ) ಮನೆಬಾಡಿಗೆಯ ಮುಂದೆ ತೀರ ಕಡಿಮೆ. ದಿನವಿಡೀ ನಿಂತು, ಬಗ್ಗಿ, ಮಕ್ಕಳನ್ನು ಎತ್ತಿ ಮಾಡುವ ಕೆಲಸ ಅದು. ಭದ್ರಾವತಿಯಲ್ಲಿ ಎಂಟನೇ ತರಗತಿಗೆ ದ್ಯುತಿಸಂಶ್ಲೇಷಣೆ ಕಲಿಸಿದ ಅನುಭವಕ್ಕೂ ಇದಕ್ಕೂ ಹೋಲಿಕೆ ಕಡಿಮೆ. ಮೊದಲ ತರಗತಿಗಳಲ್ಲೇ ಮಕ್ಕಳ ಕೇಂದ್ರಕ್ಕೆ ಹೋಗಿ ಗಮನಿಸಿ ವರದಿ ಬರೆಯುವ ಕೆಲಸ ಕೊಡುತ್ತಾರೆ. ಒಂದು ಮೂಲೆಯಲ್ಲಿ ಕುಳಿತು, ಮೂರು ವರ್ಷದ ಮಗುವೊಂದು ಮರದ ತುಂಡುಗಳನ್ನು ಜೋಡಿಸುವಾಗ ಏನು ಹೇಳಿತು, ಯಾವ ಕೈ ಬಳಸಿತು, ಪಕ್ಕದ ಮಗು ಬೀಳಿಸಿದಾಗ ಏನು ಮಾಡಿತು ಎಂಬುದನ್ನು, ತಮ್ಮ ತೀರ್ಮಾನ ಬೆರೆಸದೆ, ಕಂಡದ್ದನ್ನು ಕಂಡ ಹಾಗೆ ದಾಖಲಿಸಬೇಕು. ಆ ಕೆಲಸ ಬೇಸರ ತರಿಸಿದರೆ ಈ ಕ್ಷೇತ್ರ ನಿಮ್ಮದಲ್ಲ ಎಂದು ಮೊದಲ ತಿಂಗಳಲ್ಲೇ ಗೊತ್ತಾಗುತ್ತದೆ, ಅದೂ ಲಾಭವೇ. ಇಂಥ ಕೇಂದ್ರಗಳಿಗೆ ಹೋಗುವ ಮೊದಲು ಕ್ಷಯದ ಪರೀಕ್ಷೆ, ದಡಾರ ಮತ್ತು ನಾಯಿಕೆಮ್ಮಿನ ಲಸಿಕೆಯ ದಾಖಲೆ ಕೇಳುತ್ತಾರೆ, ಕೆಲಸಕ್ಕಾದರೆ ಬೆರಳಚ್ಚನ್ನೂ ಪಡೆಯುತ್ತಾರೆ. ನಮ್ಮಲ್ಲಿ ಹುಟ್ಟಿದವರು ಬಹುತೇಕ ಕ್ಷಯದ ಬಿಸಿಜಿ ಲಸಿಕೆ ಹಾಕಿಸಿಕೊಂಡವರಾದ್ದರಿಂದ ತೋಳಿಗೆ ಚುಚ್ಚುವ ಕ್ಷಯ ಪರೀಕ್ಷೆ ರೋಗವಿಲ್ಲದೆಯೂ ಪಾಸಿಟಿವ್ ಬರುವುದುಂಟು. ರಕ್ತಪರೀಕ್ಷೆಯನ್ನೇ ಮಾಡಿ ಎಂದು ವೈದ್ಯರಲ್ಲಿ ಕೇಳಿಕೊಳ್ಳಿ.

ಪ್ರಯೋಗಾಲಯದ ಕೆಲಸಕ್ಕೆ ಬಂದರೆ, ಅಲ್ಲಿ ನೋಡುವ ಕಚೇರಿ ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯ ಪ್ರಯೋಗಾಲಯ ವಿಭಾಗ. ಅತಿ ಚಿಕ್ಕ ಮೆಟ್ಟಿಲು ರಕ್ತ ತೆಗೆಯುವ ಫ್ಲೆಬಾಟಮಿ ತಂತ್ರಜ್ಞರದು. ಅನುಭವವಿಲ್ಲದವರಿಗೆ 40 ಗಂಟೆ ಪಾಠ, 40 ಗಂಟೆ ಪ್ರಾಯೋಗಿಕ ತರಬೇತಿ, ಅದರಲ್ಲಿ ರಕ್ತನಾಳದಿಂದ 50 ಬಾರಿ ಹಾಗೂ ಬೆರಳ ತುದಿಯಂಥ ಕಡೆ ಚರ್ಮ ಚುಚ್ಚಿ 10 ಬಾರಿ ರಕ್ತ ತೆಗೆದ ದಾಖಲೆ, ಜೊತೆಗೆ ಒಂದು ರಾಷ್ಟ್ರೀಯ ಪರೀಕ್ಷೆ ಬೇಕು. ಇದಕ್ಕೆ ಹೈಸ್ಕೂಲು ಓದಿದ್ದರೂ ಸಾಕು, ನಿಮ್ಮ ಬಿ.ಎಸ್ಸಿ. ಇಲ್ಲಿ ಬಳಕೆಗೆ ಬರುವುದಿಲ್ಲ. ನಿಮ್ಮ ಓದಿಗೆ ತಕ್ಕ ಹುದ್ದೆ ಕ್ಲಿನಿಕಲ್ ಲ್ಯಾಬೊರೇಟರಿ ಸೈಂಟಿಸ್ಟ್. ಅದಕ್ಕೆ ಬ್ಯಾಚಲರ್ ಪದವಿಯ ಜೊತೆ ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಇಂತಿಷ್ಟು ಯೂನಿಟ್, ವಿಶೇಷವಾಗಿ ರಕ್ತವಿಜ್ಞಾನ, ರೋಗನಿರೋಧಶಾಸ್ತ್ರ, ವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರ ಬೇಕು, ಆಮೇಲೆ ಒಂದು ವರ್ಷದ ಮಾನ್ಯತೆ ಪಡೆದ ತರಬೇತಿ, ಆಮೇಲೆ ಪರೀಕ್ಷೆ. ನಮ್ಮ ಬಿ.ಎಸ್ಸಿ.ಯಲ್ಲಿ ಆ ಮೂರು ವಿಷಯಗಳು ಪ್ರತ್ಯೇಕ ಪತ್ರಿಕೆಗಳಾಗಿ ಬಹುಮಟ್ಟಿಗೆ ಇರುವುದಿಲ್ಲ. ಜೀವರಸಾಯನಶಾಸ್ತ್ರದಂಥ ಕೆಲವನ್ನು ಕಮ್ಯೂನಿಟಿ ಕಾಲೇಜಿನಲ್ಲಿ ಹುಡುಕಬಹುದಾದರೂ ಮೇಲಿನ ಹಂತದ ತರಗತಿಗಳು ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳಲ್ಲಿ ಅಥವಾ ಅವುಗಳ ಎಕ್ಸ್‌ಟೆನ್ಶನ್ ವಿಭಾಗಗಳಲ್ಲಿ ಸಿಗುತ್ತವೆ, ಮತ್ತು ತರಬೇತಿಯ ಸೀಟುಗಳಿಗೆ ಪೈಪೋಟಿ ತೀವ್ರ. ಸಂಬಳ ಚೆನ್ನಾಗಿದೆ, ದಾರಿ ಉದ್ದ. ಇದಕ್ಕೆ ಕೈಹಾಕುವುದಾದರೆ ನಾಲ್ಕೈದು ವರ್ಷದ ಯೋಜನೆ ಎಂದೇ ತಿಳಿಯಿರಿ.

ಡೇಟಾ ಅನಲಿಟಿಕ್ಸ್ ವಿಷಯದಲ್ಲಿ ನಿಮ್ಮ ಗೆಳತಿಯ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಇಲ್ಲಿ ಲೈಸೆನ್ಸ್ ಕಚೇರಿ ಇಲ್ಲ, ನೋಡುವವರು ಉದ್ಯೋಗದಾತರು ಮಾತ್ರ. ಅವರ ಮೇಜಿನ ಮೇಲೆ ಇದೇ ಸಿಲಿಕಾನ್ ಕಣಿವೆಯ ಎಂಜಿನಿಯರಿಂಗ್ ಪದವೀಧರರ ಅರ್ಜಿಗಳೂ ಇರುತ್ತವೆ. ಈಗಾಗಲೇ ಹಣಕಾಸಿನಲ್ಲೋ ಮಾರುಕಟ್ಟೆಯಲ್ಲೋ ಕೆಲಸ ಮಾಡಿದವರು ಆ ಅನುಭವದ ಮೇಲೆ ಇಂಥ ಸರ್ಟಿಫಿಕೇಟ್ ಸೇರಿಸಿದರೆ ಅದಕ್ಕೆ ಬೆಲೆ ಬರುತ್ತದೆ. ಬರಿಯ ಸರ್ಟಿಫಿಕೇಟ್ ಒಂದೇ ಆಗಿದ್ದರೆ ಸಂದರ್ಶನದವರೆಗೂ ಒಯ್ಯುವುದು ಕಷ್ಟ. ಆಸೆ ಇದ್ದರೆ ಇಡೀ ಕಾರ್ಯಕ್ರಮಕ್ಕೆ ಹೆಸರು ಬರೆಸದೆ ಸಂಖ್ಯಾಶಾಸ್ತ್ರದ ಒಂದು ತರಗತಿ ತೆಗೆದುಕೊಂಡು ನೋಡಿ. ಮೂರು ಯೂನಿಟ್‌ಗೆ 138 ಡಾಲರ್; ಇಷ್ಟು ಕಡಿಮೆ ಖರ್ಚಿನಲ್ಲಿ ಮನಸ್ಸನ್ನು ಪರೀಕ್ಷಿಸಿಕೊಳ್ಳುವ ಅವಕಾಶ ಬೇರೆಡೆ ಸಿಗುವುದಿಲ್ಲ.

ಆ ಲೆಕ್ಕ ಬಂದದ್ದು ಹೀಗೆ: ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ ಒಂದಕ್ಕೆ 46 ಡಾಲರ್, ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್. ಹನ್ನೆರಡು ಯೂನಿಟ್‌ನ ಶುಲ್ಕ 552 ಡಾಲರ್ ಆಗುತ್ತದೆ. ಆರೋಗ್ಯ ಶುಲ್ಕ, ಪುಸ್ತಕ, ಪಾರ್ಕಿಂಗ್ ಬೇರೆ. ನಿವಾಸಿ ಅಲ್ಲ ಎಂದು ಕಾಲೇಜು ಬರೆದುಕೊಂಡರೆ ಪ್ರತಿ ಯೂನಿಟ್‌ಗೆ ಇದರ ಮೇಲೆ ಅನೇಕ ಕಾಲೇಜುಗಳಲ್ಲಿ 300 ಡಾಲರಿಗಿಂತ ಹೆಚ್ಚು ಸೇರುತ್ತದೆ. ಎಚ್-4 ವೀಸಾದವರು ನಿವಾಸಿಗಳೆಂದು ಪರಿಗಣಿತರಾಗಬಹುದು. ಎಫ್-1 ವಿದ್ಯಾರ್ಥಿ ವೀಸಾದವರು ಆಗಲಾರರು. ಷರತ್ತು ಎಂದರೆ ತರಗತಿ ಆರಂಭಕ್ಕೆ ಮೊದಲು ಒಂದು ವರ್ಷ ಒಂದು ದಿನ ಈ ರಾಜ್ಯದಲ್ಲಿ ವಾಸ, ಮತ್ತು ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ. ನಮ್ಮ ಹೆಣ್ಣುಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಈ ದಾಖಲೆಯಲ್ಲೇ. ಬಾಡಿಗೆ ಕರಾರು, ಕರೆಂಟ್ ಬಿಲ್, ಬ್ಯಾಂಕ್ ಖಾತೆ, ಕಾರಿನ ವಿಮೆ ಎಲ್ಲವೂ ಗಂಡನ ಹೆಸರಿನಲ್ಲಿರುತ್ತವೆ, ಕಾಲೇಜಿನವರು ಕೇಳುವುದು ವಿದ್ಯಾರ್ಥಿಯ ಹೆಸರಿನದು. ರಾಜ್ಯದ ಡ್ರೈವಿಂಗ್ ಲೈಸೆನ್ಸ್, ಇಬ್ಬರ ಹೆಸರೂ ಇರುವ ರಾಜ್ಯ ತೆರಿಗೆ ವಿವರ, ಜಂಟಿ ಖಾತೆಯ ಪತ್ರ ಇವನ್ನು ಈಗಲೇ ಜೋಡಿಸಿಟ್ಟುಕೊಳ್ಳಿ. ಆನ್‌ಲೈನ್ ಅರ್ಜಿ ಹಾಕಿದ ಕೂಡಲೇ ನಿಮ್ಮನ್ನು ಅನಿವಾಸಿ ಎಂದು ಗುರುತಿಸಿದರೆ ಗಾಬರಿಯಾಗಬೇಡಿ; ಪ್ರವೇಶ ವಿಭಾಗಕ್ಕೆ ಈ ದಾಖಲೆಗಳನ್ನು ಸಲ್ಲಿಸಿ ಮರುಪರಿಶೀಲನೆ ಕೇಳಬಹುದು.

ವೀಸಾದ ಬಗ್ಗೆ ಒಂದೆರಡು ಮಾತು ಸಾಕು. ಎಚ್-4ರಲ್ಲಿ ಪೂರ್ಣಕಾಲಿಕವಾಗಿಯೋ ಒಂದೇ ತರಗತಿಯೋ ಓದಲು ಅಡ್ಡಿಯಿಲ್ಲ. ಓದುವುದಕ್ಕೆಂದು ಎಫ್-1ಗೆ ಬದಲಾಗಬೇಕೆಂಬ ಸಲಹೆಗೆ ಕಿವಿಗೊಡಬೇಡಿ, ಬದಲಾದರೆ ಅನಿವಾಸಿ ಶುಲ್ಕದ ಜೊತೆಗೆ ಪ್ರತಿ ಅವಧಿಯಲ್ಲಿ 12 ಯೂನಿಟ್‌ನ ಕಡ್ಡಾಯವೂ ಹೆಗಲೇರುತ್ತದೆ. ನಿಮ್ಮ ಕೆಲಸದ ಪರವಾನಗಿಗೆ ಮುಕ್ತಾಯದ ದಿನಾಂಕವಿದೆ. ಅದು ನವೀಕರಣವಾಗದ ಅವಧಿಯಲ್ಲಿ ಸಂಬಳವಿಲ್ಲದೆ ಪ್ರೀಸ್ಕೂಲಿನಲ್ಲಿ ‘ಸ್ವಯಂಸೇವೆ’ ಮಾಡುತ್ತೇನೆ ಎಂದು ಹೊರಡಬೇಡಿ, ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿದರೂ ಅನಧಿಕೃತ ಕೆಲಸವೆಂದು ಎಣಿಕೆಯಾಗುವ ಅಪಾಯವಿದೆ. ಅನುಮಾನವಿದ್ದರೆ ವಲಸೆ ವಕೀಲರನ್ನು ಕೇಳಿ, ಕಾಲೇಜಿನ ಕೌನ್ಸೆಲರ್ ಅಥವಾ ನಾನು ಆ ವಿಷಯದಲ್ಲಿ ಅಧಿಕಾರವಾಣಿ ಅಲ್ಲ.

ಇನ್ನು ನಿಮ್ಮ ಪದವಿಯ ಮೌಲ್ಯಮಾಪನ. ಭಾರತದ ಅಂಕಪಟ್ಟಿಗಳನ್ನು ಇಲ್ಲಿನ ಯೂನಿಟ್‌ಗಳಿಗೆ ಪರಿವರ್ತಿಸಿ ವರದಿ ಕೊಡುವ ಸಂಸ್ಥೆಗಳು ಹಲವು, ಶುಲ್ಕವೂ ಕಡಿಮೆಯೇನಲ್ಲ. ಮೊದಲು ವರದಿ ಮಾಡಿಸಿ ಆಮೇಲೆ ಅದನ್ನು ಎಲ್ಲಿ ಕೊಡುವುದೆಂದು ಯೋಚಿಸುವುದು ತಲೆಕೆಳಗಾದ ಕ್ರಮ. ಶಿಕ್ಷಕರ ಅರ್ಹತಾ ಆಯೋಗಕ್ಕೆ ತನ್ನದೇ ಅನುಮೋದಿತ ಸಂಸ್ಥೆಗಳ ಪಟ್ಟಿ ಇದೆ. ಪಟ್ಟಿಯ ಹೊರಗಿನ ವರದಿಯನ್ನು ಅದು ಒಪ್ಪುವುದಿಲ್ಲ. ಆದ್ದರಿಂದ ಆ ಪಟ್ಟಿಯಿಂದಲೇ ಒಂದನ್ನು ಆರಿಸಿ, ಪ್ರತಿ ವಿಷಯದ ಯೂನಿಟ್ ತೋರಿಸುವ ವಿವರವಾದ ವರದಿಯನ್ನೇ ಕೇಳಿ. ಮೂರು ವರ್ಷದ ಪದವಿಯನ್ನು ಕೆಲವು ಸಂಸ್ಥೆಗಳು ಪೂರ್ಣ ಬ್ಯಾಚಲರ್ ಎಂದು ಒಪ್ಪಿದರೆ ಕೆಲವು ಮೂರು ವರ್ಷದ ಕಾಲೇಜು ಓದು ಎಂದಷ್ಟೇ ಬರೆಯುತ್ತವೆ. ಬಿ.ಎಸ್ಸಿ. ಒಂದನ್ನೇ ಕಳಿಸದೆ ಬಿ.ಎಡ್. ದಾಖಲೆಗಳನ್ನೂ ಜೊತೆಗೆ ಕಳಿಸಲೇಬೇಕೆನ್ನುವುದು ಇದಕ್ಕಾಗಿ. ಹೆಸರಿನ ತೊಡಕೂ ಒಂದಿದೆ. ಅಂಕಪಟ್ಟಿಯಲ್ಲಿ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದ ರೂಪ, ಮದುವೆಯ ನಂತರ ಗಂಡನ ಹೆಸರು, ಹೀಗೆ ಒಬ್ಬರೇ ಮೂವರಾಗಿ ಕಾಣುತ್ತಾರೆ. ವಿಶ್ವವಿದ್ಯಾಲಯದಿಂದ ಮೊಹರು ಮಾಡಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತರಿಸುವಾಗ ಊರಿನಲ್ಲಿರುವವರ ಓಡಾಟ ಹೇಗೂ ಬೇಕಾಗುತ್ತದೆ; ಅದೇ ಓಡಾಟದಲ್ಲಿ ಮದುವೆಯ ನೋಂದಣಿ ಪತ್ರದ ದೃಢೀಕೃತ ಪ್ರತಿಯನ್ನೂ ತರಿಸಿಕೊಳ್ಳಿ.

ಈ ವರದಿ ಬರಲು ತಿಂಗಳುಗಳು ಹಿಡಿಯಬಹುದು. ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ, ಏಕೆಂದರೆ ಚಿಕ್ಕ ಮಕ್ಕಳ ಶಿಕ್ಷಣದ ಮೊದಲ ಎರಡು ತರಗತಿಗಳಿಗೆ ನಿಮ್ಮ ಹಳೆಯ ಪದವಿಯ ಅಗತ್ಯವಿಲ್ಲ. ಕಾಲೇಜಿನ ಕ್ಯಾಟಲಾಗಿನಲ್ಲಿ ಆ ವಿಭಾಗದ ಪುಟ ತೆರೆದು, ಮೇಲೆ ಹೇಳಿದ ಮೂರು ಕ್ಷೇತ್ರಗಳಿಗೆ ಯಾವ ಯಾವ ತರಗತಿ ಎಣಿಕೆಯಾಗುತ್ತದೆ, ಅವುಗಳಲ್ಲಿ ಯಾವುದು ಇನ್ನೊಂದನ್ನು ಮುಗಿಸದೆ ಸಿಗುವುದಿಲ್ಲ, ಯಾವುದು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಗಲಿನ ತರಗತಿ, ಸಂಜೆಯ ತರಗತಿ, ಆನ್‌ಲೈನ್ ತರಗತಿ ಯಾವುವು ಎಂಬುದನ್ನೂ ಅದರ ಪಕ್ಕದಲ್ಲಿ ಗುರುತಿಸಿ. ಆಮೇಲೆ ಸಾಮಾನ್ಯ ಕೌನ್ಸೆಲರ್‌ಗಿಂತ ಮೊದಲು ಆ ವಿಭಾಗದ ಅಧ್ಯಾಪಕರೊಬ್ಬರನ್ನು ಅವರ ಕಚೇರಿ ವೇಳೆಯಲ್ಲಿ ಭೇಟಿ ಮಾಡಿ, ಹಾಳೆ ಮುಂದಿಟ್ಟು, ಇಲ್ಲಿ ಓದಿದವರು ಯಾವ ಪ್ರೀಸ್ಕೂಲ್‌ಗಳಲ್ಲಿ ಕೆಲಸಕ್ಕಿದ್ದಾರೆ ಎಂದು ಕೇಳಿ. ಕೌನ್ಸೆಲರ್‌ಗೆ ಕಾಲೇಜಿನ ನಿಯಮ ಗೊತ್ತಿರುತ್ತದೆ, ಯಾವ ಶಾಲೆಗೆ ಈ ಆಗಸ್ಟಿನಲ್ಲಿ ಜನ ಬೇಕಾಗಿದ್ದಾರೆ ಎಂಬುದು ಅಧ್ಯಾಪಕರಿಗೇ ಗೊತ್ತಿರುವುದು.

ಹೊಸ ವಿದ್ಯಾರ್ಥಿಗಳಿಗೆ ನೋಂದಣಿಯ ಸರದಿ ಕೊನೆಯಲ್ಲಿ ಬರುವುದರಿಂದ ಬೇಕಾದ ತರಗತಿ ತುಂಬಿಹೋಗಿರಬಹುದು. ಆಗ ಕಾಯುವ ಪಟ್ಟಿಯಲ್ಲಿ ಹೆಸರು ಹಾಕಿ, ಮೊದಲ ದಿನ ತರಗತಿಗೆ ಖುದ್ದಾಗಿ ಹೋಗಿ. ಆನ್‌ಲೈನ್ ಆದರೆ ಅಧ್ಯಾಪಕರಿಗೆ ಅದೇ ದಿನ ಬೆಳಿಗ್ಗೆ ಪತ್ರ ಬರೆಯಿರಿ. ಹೆಸರು ಬರೆಸಿದವರಲ್ಲಿ ಕೆಲವರು ಬರುವುದಿಲ್ಲ, ಅವರ ಜಾಗಕ್ಕೆ ಅಧ್ಯಾಪಕರು ಸೇರ್ಪಡೆಯ ಸಂಕೇತ ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆಗೆ ಕೆಲವೇ ದಿನಗಳ ಅವಧಿ ಇರುತ್ತದೆ, ಹಾಗಾಗಿ ಸಿಕ್ಕಿದ ದಿನವೇ ನೋಂದಣಿ ಮುಗಿಸಿ ಶುಲ್ಕ ಕಟ್ಟಿಬಿಡಿ.